ಮನೆಗೆ ಬಂದ ಗಣಕಯಂತ್ರವೂ ಕ್ಯಾಸೆಟ್ಟಿನ ದನಿಯೂ

ರೇಡಿಯೋದ ಮುಳ್ಳನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ತಿರುಗಿಸುವಾಗ ನಡುವೆ ಕೇಳಿಬರುವ ಕಿರಿಚಾಟವು ವಾಚಕರಿಗೆ ಹೊಸದಲ್ಲ. ಅದು ಕಿವಿಗೆ ಬಿದ್ದೊಡನೆ ನಾವು ಮುಳ್ಳನ್ನು ಮುಂದಕ್ಕೆ ಸರಿಸುತ್ತೇವೆ. ಆದರೆ ೧೯೮೦ರ ದಶಕದಲ್ಲಿ ಯುರೋಪಿನ ಕೆಲವು ಬಾನುಲಿ ಕೇಂದ್ರಗಳು ಅಂಥದೇ ಕಿರಿಚಾಟವನ್ನು ಬೇಕೆಂದೇ ಪ್ರಸಾರ ಮಾಡುತ್ತಿದ್ದವು. ಶ್ರೋತೃಗಳು ಅದಕ್ಕಾಗಿ ಕಾದು ಕುಳಿತು, ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದರು. ಏಕೆಂದರೆ ಆ ಕಿರಿಚಾಟದ ಒಳಗೆ ಒಂದು ಆಟವೋ, ಒಂದು ಚಿತ್ರವೋ, ಒಂದು ಹಾಡಿನ ಧಾಟಿಯೋ ಅಡಗಿರುತ್ತಿತ್ತು. ಅದನ್ನು ಬಿಡಿಸಿ ತೋರಿಸುವ ಯಂತ್ರವೇ ಮನೆಯ ಗಣಕಯಂತ್ರ.

ನಾನು ಸವದತ್ತಿಯ ಪ್ರೌಢಶಾಲೆಯೊಂದರ ಕನ್ನಡ ಮಾಸ್ತರ. ಯಂತ್ರಶಾಸ್ತ್ರವು ನನ್ನ ವಿಷಯವಲ್ಲ. ನಾನು ಕಲಿತದ್ದು ಹಳಗನ್ನಡ, ವ್ಯಾಕರಣ, ಛಂದಸ್ಸು. ಆದರೂ ಆ ಹಳೆಯ ಯಂತ್ರದ ಕುರಿತು ನಾಲ್ಕು ಮಾತು ಬರೆಯಲು ಕಾರಣವುಂಟು. ಅದು ನಮ್ಮ ಮನೆಗೆ ಬಂದಿತ್ತು. ಅದರ ಆಟದಲ್ಲಿ ನನ್ನ ಕೈಯಿಂದ ಒಂದು ತಪ್ಪೂ ನಡೆದಿತ್ತು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಇತಿಹಾಸ.

ಗಣಕಯಂತ್ರವೆಂದರೆ ಒಂದು ಕಾಲಕ್ಕೆ ದೊಡ್ಡ ಕೋಣೆಯನ್ನೇ ತುಂಬುವ ಸರಂಜಾಮು. ೧೯೭೭ರಲ್ಲಿ ಅಮೇರಿಕೆಯ ಆಪಲ್, ಕಮೊಡೋರ್, ಟ್ಯಾಂಡಿ ಎಂಬ ಮೂರು ಸಂಸ್ಥೆಗಳು ಮನೆಯ ಮೇಜಿನ ಮೇಲಿಡಬಹುದಾದ ಸಿದ್ಧ ಯಂತ್ರಗಳನ್ನು ಮಾರಾಟಕ್ಕೆ ತಂದವು. ೧೯೮೧ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಬಿ.ಬಿ.ಸಿ.ಯು ಜನತೆಗೆ ಗಣಕಶಿಕ್ಷಣ ಕೊಡುವ ಉದ್ದೇಶದಿಂದ ಏಕಾರ್ನ್ ಸಂಸ್ಥೆಯ ಯಂತ್ರಕ್ಕೆ ತನ್ನ ಹೆಸರನ್ನೇ ಕೊಟ್ಟಿತು. ಬಾನುಲಿ ಸಂಸ್ಥೆಯೊಂದು ಗಣಕಯಂತ್ರಕ್ಕೆ ನಾಮಕರಣ ಮಾಡಿದ ಪ್ರಸಂಗವಿದು. ೧೯೮೪ರಲ್ಲಿ ಭಾರತ ಸರ್ಕಾರವು ‘ಕ್ಲಾಸ್’ ಎಂಬ ಯೋಜನೆಯನ್ನು ಹೂಡಿ, ಮೊದಲಿಗೆ ೨೫೦ ಶಾಲೆಗಳಿಗೆ ಈ ಬಿ.ಬಿ.ಸಿ. ಯಂತ್ರಗಳನ್ನೇ ಕೊಟ್ಟಿತು.

ಇದರ ನಡುವೆ, ೧೯೮೨ರ ಏಪ್ರಿಲ್ ೨೩ರಂದು, ಕೇಂಬ್ರಿಜ್ ಪಟ್ಟಣದ ಕ್ಲೈವ್ ಸಿಂಕ್ಲೇರ್ ಎಂಬವರ ಸಂಸ್ಥೆಯು ‘ಝಡ್ಎಕ್ಸ್ ಸ್ಪೆಕ್ಟ್ರಮ್’ ಎಂಬ ಯಂತ್ರವನ್ನು ಹೊರತಂದಿತು. ಒಂದು ದೊಡ್ಡ ಪುಸ್ತಕದಷ್ಟೇ ಗಾತ್ರ, ರಬ್ಬರಿನ ನಾಲ್ವತ್ತು ಕೀಲಿಗಳು, ದೊಡ್ಡ ಮಾದರಿಗೆ ೧೭೫ ಪೌಂಡು ಬೆಲೆ. ಅದಕ್ಕೆ ಸ್ವಂತದ ಪರದೆಯಿಲ್ಲ, ಮನೆಯ ಟಿ.ವಿ.ಯೇ ಪರದೆ. ಬರೆದುದನ್ನು ಕೂಡಿಡುವ ಪೆಟ್ಟಿಗೆಯಿಲ್ಲ. ಮನೆಯ ಟೇಪ್ ರೆಕಾರ್ಡರೇ ಪೆಟ್ಟಿಗೆ. ಮನೆಯಲ್ಲಿ ಮೊದಲೇ ಇದ್ದ ಎರಡು ಸಾಮಾನುಗಳನ್ನು ಬಳಸಿಕೊಂಡದ್ದರಿಂದಲೇ ಅದು ಸಾಮಾನ್ಯರ ಕೈಗೆ ಎಟುಕಿತು. ನಮ್ಮ ದೇಶದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆಯು ಪರವಾನಗಿ ಪಡೆದು, ೧೯೮೬ರ ಸುಮಾರಿಗೆ ಇದರ ಸುಧಾರಿಸಿದ ಮಾದರಿಯನ್ನು ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಎಂಬ ಹೆಸರಿನಿಂದ ಮಾರಿತು.

ನನ್ನ ಸೋದರಮಾವನವರು ಪುಣೆಯ ಕಾರ್ಖಾನೆಯೊಂದರಲ್ಲಿ ನೌಕರಿಗಿದ್ದರು. ೧೯೮೮ರ ದೀಪಾವಳಿಗೆ ಊರಿಗೆ ಬಂದಾಗ ಅವರು ಈ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಆಗ ನಾನು ಪಿ.ಯು.ಸಿ. ಓದುತ್ತಿದ್ದೆ. ಓಣಿಯ ಹುಡುಗರೆಲ್ಲ ಪಡಸಾಲೆಯಲ್ಲಿ ಕೂಡಿದರು. ಮಾಮಾ ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿದರು. ಮೊದಲು ಒಂದೇ ಸಮನೆ ಶಂಖ ಊದಿದಂತಹ ದನಿ. ಬಳಿಕ ಕರಕರನೆಯ ಕಿರಿಚಾಟ. ಟಿ.ವಿ.ಯ ಅಂಚಿನಲ್ಲಿ ಪಟ್ಟೆಪಟ್ಟೆಯಾಗಿ ಗೆರೆಗಳು ಓಡತೊಡಗಿದವು. ಒಂದೊಂದೇ ಗೆರೆಯಾಗಿ ಚಿತ್ರವೊಂದು ಮೂಡಿತು. ಹೀಗೆ ಸುಮಾರು ಐದು ನಿಮಿಷ ಕಾಯಬೇಕು. ನಡುವೆ ಕರೆಂಟು ಹೋಯಿತೆಂದರೆ ಮತ್ತೆ ಮೊದಲಿನಿಂದ ಆರಂಭ. ನಮ್ಮೂರಿನ ಕರೆಂಟಿನ ಗುಣ ಬಲ್ಲವರಿಗೆ ಅಂದಿನ ನಮ್ಮ ತಪಸ್ಸು ಎಂಥದೆಂಬುದು ಹೇಳದೆಯೇ ತಿಳಿದೀತು.

ಆ ಕಿರಿಚಾಟದ ಗುಟ್ಟು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ತಿಳಿದಾಗ ನಾನು ಛಂದಸ್ಸಿನ ಪಾಠವನ್ನು ಹೊಸದಾಗಿ ಕೇಳಿದಂತೆ ಬೆರಗಾದೆ. ಗಣಕಯಂತ್ರಕ್ಕೆ ಗೊತ್ತಿರುವುದು ಎರಡೇ ಚಿಹ್ನೆ: ಸೊನ್ನೆ ಮತ್ತು ಒಂದು. ಸ್ಪೆಕ್ಟ್ರಮಿನ ಹೃದಯವು ಸೆಕೆಂಡಿಗೆ ೩೫ ಲಕ್ಷ ಸಲ ಮಿಡಿಯುತ್ತದೆ. ಕ್ಯಾಸೆಟ್ಟಿನ ಮೇಲೆ ಸೊನ್ನೆಯನ್ನು ಬರೆಯಲು ಅದು ೮೫೫ ಮಿಡಿತಗಳಷ್ಟು ಉದ್ದದ ಎರಡು ಅಲೆಗಳನ್ನು ಹೊರಡಿಸುತ್ತದೆ. ಒಂದನ್ನು ಬರೆಯಲು ೧೭೧೦ ಮಿಡಿತಗಳಷ್ಟು ಉದ್ದದ ಎರಡು ಅಲೆಗಳನ್ನು ಹೊರಡಿಸುತ್ತದೆ. ಎಂದರೆ ಒಂದರ ಕಾಲವು ಸೊನ್ನೆಯ ಕಾಲಕ್ಕೆ ಸರಿಯಾಗಿ ಇಮ್ಮಡಿ. ನಾವು ಮಕ್ಕಳಿಗೆ ಕಲಿಸುವುದೂ ಇದನ್ನೇ ಅಲ್ಲವೆ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ. ಆ ಕಿರಿಚಾಟವು ಅತಿ ವೇಗದಲ್ಲಿ ಓದಿದ ಲಘು-ಗುರುಗಳ ಸಾಲಲ್ಲದೆ ಬೇರೇನೂ ಅಲ್ಲ. ಯಂತ್ರವು ಅದನ್ನು ಕೇಳಿ ಪ್ರಸ್ತಾರ ಹಾಕಿಕೊಳ್ಳುತ್ತದೆ.

ಹೋಲಿಕೆಯು ಇಲ್ಲಿಗೇ ನಿಲ್ಲುವುದಿಲ್ಲ. ಮೂರು ಅಕ್ಷರಗಳ ಸ್ಥಾನದಲ್ಲಿ ಲಘು-ಗುರುಗಳನ್ನು ಎಷ್ಟು ಬಗೆಯಾಗಿ ಇಡಬಹುದು? ಎಂಟು ಬಗೆಯಾಗಿ. ಆದುದರಿಂದಲೇ ಯಗಣ, ಮಗಣ ಮೊದಲಾದ ಗಣಗಳು ಎಂಟು. ಗಣಕಯಂತ್ರವು ಮೂರರ ಬದಲು ಎಂಟು ಸ್ಥಾನಗಳನ್ನು ಒಂದು ಗುಂಪಾಗಿ ಹಿಡಿಯುತ್ತದೆ. ಆಗ ಬರುವ ಬಗೆಗಳು ೨೫೬. ನಾಗವರ್ಮನ ಛಂದೋಂಬುಧಿಯನ್ನು ಓದಿದ ಯಾವ ವಿದ್ಯಾರ್ಥಿಗೂ ಈ ಲೆಕ್ಕ ಕಠಿಣವೆನಿಸದು. ನಮ್ಮ ಹಿರಿಯರು ಗಣಕಯಂತ್ರವನ್ನು ಮೊದಲೇ ಕಂಡಿದ್ದರೆಂದು ಸಾಧಿಸುವ ಉದ್ದೇಶ ನನಗಿಲ್ಲ. ಅಂಥ ಮಾತು ಸತ್ಯವೂ ಅಲ್ಲ, ನಮಗೆ ಶೋಭೆಯೂ ಅಲ್ಲ. ಎರಡೇ ಚಿಹ್ನೆಗಳಿಂದ ದೊಡ್ಡ ಲೋಕವನ್ನು ಕಟ್ಟಬಹುದೆಂಬ ವಿಚಾರ ನಮಗೆ ಪರಕೀಯವಲ್ಲ ಎಂದಷ್ಟೇ ಹೇಳಬಯಸುತ್ತೇನೆ.

ಇನ್ನು ಚಿತ್ರಕಲೆಯ ಮಾತು. ಸ್ಪೆಕ್ಟ್ರಮಿನ ಪರದೆಯಲ್ಲಿ ಅಡ್ಡಕ್ಕೆ ೨೫೬, ಉದ್ದಕ್ಕೆ ೧೯೨ ಚುಕ್ಕಿಗಳು. ಈ ಚುಕ್ಕಿಗಳನ್ನು ಎಂಟೆಂಟರ ಚೌಕಗಳಾಗಿ ಮಾಡಿದರೆ ೭೬೮ ಮನೆಗಳಾಗುತ್ತವೆ. ಬಣ್ಣಗಳು ಎಂಟು, ಆದರೆ ಒಂದು ಮನೆಯಲ್ಲಿ ಎರಡೇ ಬಣ್ಣ ಇರಬಹುದೆಂಬ ಕಟ್ಟಳೆ. ಕೆಂಪು ಅಂಗಿಯ ಹುಡುಗನು ಹಸಿರು ಗಿಡದ ಮುಂದೆ ಹಾದುಹೋದರೆ ಗಿಡವೂ ಕೆಂಪಾಗುವ ವಿಚಿತ್ರವು ಇದರಿಂದ ಉಂಟಾಗುತ್ತಿತ್ತು. ನಮ್ಮ ಟಿ.ವಿ. ಕಪ್ಪು-ಬಿಳುಪಿನದಾದ್ದರಿಂದ ಈ ತೊಡಕು ನಮ್ಮನ್ನು ಹೆಚ್ಚು ಕಾಡಲಿಲ್ಲ. ಯಂತ್ರವನ್ನು ಮಾಡಿದವರು ಎಂಟು ಬಣ್ಣಗಳನ್ನು ಕಪ್ಪಿನಿಂದ ಬಿಳುಪಿನವರೆಗೆ ಬೆಳಕಿನ ಏರಿಕೆಯ ಕ್ರಮದಲ್ಲಿಯೇ ಇಟ್ಟಿದ್ದರು. ನಮ್ಮಂಥವರ ಮನೆಯಲ್ಲಿ ಅವು ಬೂದುಬಣ್ಣದ ಎಂಟು ಮೆಟ್ಟಿಲುಗಳಾಗಿ ಕಾಣುತ್ತಿದ್ದವು.

ಈ ಯಂತ್ರದಲ್ಲಿ ಇಪ್ಪತ್ತೊಂದು ಚಿಹ್ನೆಗಳನ್ನು ನಾವೇ ರಚಿಸಿಕೊಳ್ಳಲು ಅನುಕೂಲವಿತ್ತು. ಎಂಟು ಚುಕ್ಕಿಗಳ ಎಂಟು ಸಾಲು ಹಾಕಿ, ಬೇಕಾದ ಚುಕ್ಕಿಗಳನ್ನು ತುಂಬಿ, ಪ್ರತಿ ಸಾಲಿಗೂ ಒಂದು ಅಂಕೆಯನ್ನು ಕೊಡಬೇಕು. ಸಾಲಿನ ಸ್ಥಾನಗಳಿಗೆ ಎಡದಿಂದ ೧೨೮, ೬೪, ೩೨, ೧೬, ೮, ೪, ೨, ೧ ಎಂದು ಬೆಲೆ. ಎರಡು ತುದಿಯ ಚುಕ್ಕಿಗಳನ್ನು ಮಾತ್ರ ತುಂಬಿದರೆ ೧೨೮ಕ್ಕೆ ೧ ಕೂಡಿಸಿ ೧೨೯. ಸಾಲಿನ ರೂಪವನ್ನು ನೋಡಿ ಅದರ ಸಂಖ್ಯೆಯನ್ನು ಹೇಳುವ ಈ ಕೆಲಸಕ್ಕೂ ಛಂದಶ್ಶಾಸ್ತ್ರದ ಉದ್ದಿಷ್ಟಕ್ಕೂ ಹತ್ತಿರದ ನಂಟು. ನಾನು ಮೊದಲು ಮಾಡಿದ ಪ್ರಯತ್ನವೆಂದರೆ ಊರಿನ ಹೆಸರನ್ನು ಕನ್ನಡದಲ್ಲಿ ಬರೆಯುವುದು. ಸ, ವ, ದ ಎಂಬ ಮೂರು ಅಕ್ಷರಗಳು ಹೇಗೋ ಒಂದೊಂದು ಮನೆಯಲ್ಲಿ ಕುಳಿತವು. ಆದರೆ ಗುಡಿಸು ಮತ್ತು ಒತ್ತು ಎರಡೂ ಇರುವ ‘ತ್ತಿ’ ಮಾತ್ರ ಒಂದು ಮನೆಗೆ ಒಗ್ಗಲಿಲ್ಲ. ಕೆಳಗಿನ ಮನೆಯನ್ನೂ ಅದಕ್ಕೆ ಬಿಟ್ಟುಕೊಡಬೇಕಾಯಿತು. ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿ ಕನ್ನಡಕ್ಕೆ ಬಿಗಿಯಾಗುವುದೆಂಬುದನ್ನು ನಾನು ಅಂದು ಕೈಯಾರೆ ಕಂಡೆ. ಮುಂದೆ ೧೯೯೧ರಲ್ಲಿ ಭಾರತೀಯ ಲಿಪಿಗಳಿಗಾಗಿ ಇಸ್ಕಿ ಎಂಬ ಸಂಕೇತವು ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೂ ಕನ್ನಡಕ್ಕೆ ಸ್ಥಾನ ದೊರೆಯಿತು. ಇಂದು ಮೊಬೈಲಿನಲ್ಲಿ ಲೀಲಾಜಾಲವಾಗಿ ಕನ್ನಡ ಬರೆಯುವ ಮಕ್ಕಳಿಗೆ ಈ ಹಿಂದಿನ ಇಕ್ಕಟ್ಟು ಗೊತ್ತಿರಲಾರದು.

ಎಂಟು ಚುಕ್ಕಿಗಳ ಈ ಲೆಕ್ಕವನ್ನು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಬೇಗ ತಿಳಿದುಕೊಂಡವರು ನನ್ನ ತಾಯಿಯ ತಾಯಿ. ನಾವು ಅವರನ್ನು ಆಯಿ ಎಂದು ಕರೆಯುತ್ತಿದ್ದೆವು. ಅವರಿಗೆ ಓದು-ಬರಹ ಬರುತ್ತಿರಲಿಲ್ಲ. ಆದರೆ ಕಸೂತಿ ಬರುತ್ತಿತ್ತು. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರವನ್ನು ಮೊದಲು ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿ ಎಣಿಸಿಯೇ ಗವಂತಿ, ಮುರ್ಗಿ, ನೇಗಿ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳಲ್ಲಿ ತೇರು, ಗೋಪುರ, ತುಳಸಿಕಟ್ಟೆ, ಆನೆ, ನವಿಲುಗಳನ್ನು ಮೂಡಿಸಬೇಕು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಮೂಡಿದ ತೇರನ್ನು ಕಂಡವರಿಗೆ ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕಿಗಳ ತೇರು ಹೊಸದೆನಿಸದು. ಆಯಿ ಎಳೆ ಎಣಿಸಿ ಹೇಳಿದರು. ನಾನು ಕಾಗದದ ಮೇಲೆ ಚೌಕ ಹಾಕಿ ಅಂಕೆಗಳನ್ನು ಬರೆದೆ. ಮಾಮಾನ ಮಗ ಕೀಲಿ ಒತ್ತಿದ. ಎರಡು ದಿನದ ಶ್ರಮದ ಮೇಲೆ ತೇರು ಟಿ.ವಿ.ಯಲ್ಲಿ ಬಂತು. ಆಯಿ ಹತ್ತಿರ ಬಂದು ನೋಡಿ, “ತೇರೇನೋ ಬಂದೈತಿ ತಮ್ಮಾ, ಕಳಸದಾಗ ಒಂದು ಎಳಿ ತಪ್ಪೇತಿ ನೋಡು” ಎಂದರು. ಎಣಿಸಿ ನೋಡಿದರೆ ಅವರ ಮಾತು ನಿಜ. ಒಂದು ಅಂಕೆಯನ್ನು ತಿದ್ದಿದೆವು.

ಸಂಗೀತದ ವಿಷಯದಲ್ಲಿ ಈ ಯಂತ್ರ ಬಡವ. ಅದಕ್ಕೆ ಒಂದೇ ಕಂಠ. ‘ಬೀಪ್’ ಎಂಬ ಆಜ್ಞೆಯ ಮುಂದೆ ಎರಡು ಅಂಕೆ ಬರೆಯಬೇಕು: ಮೊದಲನೆಯದು ಕಾಲ, ಎರಡನೆಯದು ಸ್ವರ. ಷಡ್ಜಕ್ಕೆ ಸೊನ್ನೆ ಎಂದಿಟ್ಟುಕೊಂಡರೆ ಮೇಲಿನ ಷಡ್ಜಕ್ಕೆ ೧೨. ನಡುವೆ ನಮ್ಮ ಸ್ವರಸ್ಥಾನಗಳೆಲ್ಲ ಕ್ರಮವಾಗಿ ಬರುತ್ತವೆ. ೦, ೨, ೪, ೭, ೯, ೧೨ ಎಂದು ಬರೆದರೆ ಭೂಪ ರಾಗದ ಆರೋಹ. ೦, ೧, ೪, ೫, ೭, ೮, ೧೧, ೧೨ ಎಂದರೆ ಭೈರವದ ಸ್ವರಗಳು. ಆದರೆ ಧಾರವಾಡ ಆಕಾಶವಾಣಿಯಿಂದ ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ಕೇಳಿ ಬೆಳೆದ ಕಿವಿಗೆ ಇದು ರಾಗವೆನಿಸೀತೆ? ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ ಅದರ ಬಳಿ ಇಲ್ಲ. ಮೆಟ್ಟಿಲು ಹಾರಿದಂತೆ ಹಾರುತ್ತದೆ. ಅದಲ್ಲದೆ ‘ಬೀಪ್’ ಎನ್ನುವಾಗ ಯಂತ್ರದ ಬುದ್ಧಿಯೆಲ್ಲ ಆ ಒಂದು ದನಿಯಲ್ಲೇ ತೊಡಗಿರುವುದರಿಂದ ಅಷ್ಟು ಹೊತ್ತು ಬೇರೆ ಯಾವ ಕೆಲಸವೂ ಸಾಗುವುದಿಲ್ಲ. ಇಷ್ಟಾದರೂ ಸ್ವರಗಳ ನಡುವಿನ ಅಂತರವನ್ನು ಅಂಕೆಯಲ್ಲಿ ಕಂಡದ್ದು ನನಗೆ ಲಾಭವೇ ಆಯಿತು. ಅದೇ ೧೯೮೨ರಲ್ಲಿ ಅಮೇರಿಕೆಯಲ್ಲಿ ಬಂದ ಕಮೊಡೋರ್ ೬೪ ಎಂಬ ಯಂತ್ರದಲ್ಲಿ ಬಾಬ್ ಯಾನ್ನೆಸ್ ಎಂಬವರು ರಚಿಸಿದ ಪ್ರತ್ಯೇಕ ಧ್ವನಿತುಣುಕು ಇತ್ತು; ಅದಕ್ಕೆ ಮೂರು ಕಂಠಗಳು. ಅದಕ್ಕಾಗಿ ಸಂಗೀತ ರಚಿಸುವವರು ಇಂದಿಗೂ ಇದ್ದಾರೆ.

ಆಟಗಳಂತೂ ನೂರಾರು. ನಮ್ಮ ಕ್ಯಾಸೆಟ್ಟಿನಲ್ಲಿದ್ದದ್ದು ೧೯೮೩ರ ‘ಮ್ಯಾನಿಕ್ ಮೈನರ್’. ಇದನ್ನು ಬರೆದ ಮ್ಯಾಥ್ಯೂ ಸ್ಮಿತ್ ಆಗಿನ್ನೂ ಹದಿಹರೆಯದ ಹುಡುಗ. ಗಣಿಗಾರನೊಬ್ಬನು ಇಪ್ಪತ್ತು ಗುಹೆಗಳನ್ನು ದಾಟಬೇಕು. ಪ್ರತಿ ಗುಹೆಯಲ್ಲಿ ಕೀಲಿಕೈಗಳನ್ನು ಆಯ್ದುಕೊಂಡು, ಗಾಳಿ ಮುಗಿಯುವುದರೊಳಗೆ ಬಾಗಿಲು ಸೇರಬೇಕು. ಆಟ ನಡೆದಿರುವಾಗಲೇ ನಾರ್ವೆಯ ಗ್ರೀಗ್ ಎಂಬ ಸಂಗೀತಕಾರನ ಧಾಟಿಯೊಂದು ತುಂಡುತುಂಡಾಗಿ ಕೇಳಿಬರುತ್ತದೆ. ಒಂದೇ ಬುದ್ಧಿಯುಳ್ಳ ಯಂತ್ರವು ಒಂದು ಹೆಜ್ಜೆ ಇಡಿಸಿ, ಒಂದು ಸ್ವರ ನುಡಿಸಿ, ಮತ್ತೆ ಹೆಜ್ಜೆ ಇಡಿಸುವುದರಿಂದ ಈ ತುಂಡುಗಳು. ಆಟವನ್ನು ಕೊಂಡು ತರಲಾಗದವರು ಪತ್ರಿಕೆಗಳಲ್ಲಿ ಅಚ್ಚಾದ ಆಜ್ಞಾವಳಿಯನ್ನು ಸಾಲುಸಾಲಾಗಿ ತಾವೇ ಬೆರಳಚ್ಚಿಸುತ್ತಿದ್ದರು. ಒಂದು ಅಲ್ಪವಿರಾಮ ಬಿಟ್ಟರೂ ಆಟ ನಿಂತುಹೋಗುತ್ತಿತ್ತು, ಷಟ್ಪದಿಯಲ್ಲಿ ಒಂದು ಮಾತ್ರೆ ತಪ್ಪಿದಂತೆ. ಗುಡಿಯ ಕಟ್ಟೆಯ ಹಾಸುಗಲ್ಲಿನ ಮೇಲೆ ಗೆರೆ ಗೀಚಿ, ಹುಣಸೆಬೀಜಗಳನ್ನು ಕಾಯಿಗಳಾಗಿಟ್ಟು ಆಡಿದ ನಮಗೆ, ಆಡುವ ಮೊದಲು ಆಟದ ಮನೆಯನ್ನು ನಾವೇ ಕಟ್ಟಿಕೊಳ್ಳುವುದು ರೂಢಿಯ ಮಾತೇ ಆಗಿತ್ತು. ಈ ಹಳೆಯ ಯಂತ್ರದ ಹಿರಿಮೆಯೂ ಅದೇ. ಆಡುವವನು ಮಾಡುವವನೂ ಆಗಬೇಕಾಗಿತ್ತು.

ಆರಂಭದಲ್ಲಿ ಹೇಳಿದ ಬಾನುಲಿಯ ಸಂಗತಿಗೆ ಈಗ ಬರೋಣ. ಪ್ರೋಗ್ರಾಮು ಎಂಬುದು ಧ್ವನಿಯೇ ಆಗಿದ್ದ ಮೇಲೆ ಅದನ್ನು ಬಾನುಲಿಯಲ್ಲಿ ಕಳಿಸಬಾರದೇಕೆ? ಹಾಲೆಂಡಿನ ‘ಹಾಬಿಸ್ಕೂಪ್’ ಎಂಬ ಬಾನುಲಿ ಕಾರ್ಯಕ್ರಮದವರು ಹೀಗೆ ಪ್ರಸಾರ ಮಾಡತೊಡಗಿದರು. ಬೇರೆ ಬೇರೆ ಕಂಪನಿಯ ಯಂತ್ರಗಳೆಲ್ಲ ತಿಳಿದುಕೊಳ್ಳಲೆಂದು ‘ಬೇಸಿಕೋಡ್’ ಎಂಬ ಒಂದು ಸಾಮಾನ್ಯ ರೂಪವನ್ನೂ ಬಳಕೆಗೆ ತಂದರು. ಬಿ.ಬಿ.ಸಿ.ಯ ‘ಚಿಪ್ ಶಾಪ್’ ಕಾರ್ಯಕ್ರಮವು ಇದೇ ರೂಪವನ್ನು ಬಳಸಿತು. ಆಗಿನ ಯುಗೊಸ್ಲಾವಿಯಾ ದೇಶದಲ್ಲಿ ವೋಯಾ ಆಂಟೋನಿಚ್ ಎಂಬವರು ೧೯೮೩ರಲ್ಲಿ ‘ಗಲಾಕ್ಸಿಯಾ’ ಎಂಬ ಯಂತ್ರದ ನಕ್ಷೆಯನ್ನು ರಚಿಸಿ, ಯಾರು ಬೇಕಾದರೂ ಮನೆಯಲ್ಲಿ ಕಟ್ಟಿಕೊಳ್ಳಲೆಂದು ಪತ್ರಿಕೆಯಲ್ಲಿ ಪ್ರಕಟಿಸಿದರು. ಸಾವಿರಾರು ಜನ ಕಟ್ಟಿಕೊಂಡರು. ಬೆಲ್‌ಗ್ರೇಡ್ ಬಾನುಲಿಯ ಜೋರಾನ್ ಮೋದ್ಲಿ ಎಂಬ ಉದ್ಘೋಷಕರು ತಮ್ಮ ಕಾರ್ಯಕ್ರಮದಲ್ಲಿ ಅವರಿಗಾಗಿ ಪ್ರೋಗ್ರಾಮುಗಳನ್ನು ಪ್ರಸಾರ ಮಾಡಿದರು. ೧೯೫೦ರ ಜನವರಿ ೮ರಂದು ಧಾರವಾಡ ಕೇಂದ್ರವು ಆರಂಭವಾದಂದಿನಿಂದ ಬಾನುಲಿಯೆಂದರೆ ಮಾತು ಮತ್ತು ಹಾಡು ಎಂದು ತಿಳಿದ ನಮಗೆ, ಅದು ಆಟವನ್ನೂ ಚಿತ್ರವನ್ನೂ ಹೊತ್ತು ತರಬಲ್ಲುದಾಗಿತ್ತೆಂಬ ಸಂಗತಿ ಸೋಜಿಗವೇ ಸರಿ.

ಈ ಯಂತ್ರಗಳ ಕಾಲ ಬೇಗ ಮುಗಿಯಿತು. ೧೯೮೬ರಲ್ಲಿ ಸಿಂಕ್ಲೇರ್ ತಮ್ಮ ಗಣಕದ ವ್ಯಾಪಾರವನ್ನು ಆಮ್‌ಸ್ಟ್ರಾಡ್ ಸಂಸ್ಥೆಗೆ ೫೦ ಲಕ್ಷ ಪೌಂಡಿಗೆ ಮಾರಿದರು; ೧೯೯೨ರಲ್ಲಿ ಸ್ಪೆಕ್ಟ್ರಮಿನ ತಯಾರಿಕೆ ನಿಂತಿತು. ನಮ್ಮ ಮಾಮಾನ ಯಂತ್ರವೂ ಒಂದು ಮಳೆಗಾಲದಲ್ಲಿ ಕೆಟ್ಟು ಅಟ್ಟ ಸೇರಿತು. ಆದರೆ ಬೇರೆ ದೇಶದವರು ಇದನ್ನು ಮರೆತಿಲ್ಲ. ಇಂಥ ಯಂತ್ರಗಳಲ್ಲಿ ಚಿತ್ರ-ಸಂಗೀತಗಳನ್ನು ಕೂಡಿಸಿ ರಚಿಸುವ ‘ಡೆಮೊಸೀನ್’ ಎಂಬ ಕಲೆಯನ್ನು ಫಿನ್ಲೆಂಡ್ ದೇಶವು ೨೦೨೦ರಲ್ಲಿ ತನ್ನ ಜೀವಂತ ಪರಂಪರೆಯ ಪಟ್ಟಿಗೆ ಸೇರಿಸಿತು. ೨೦೨೪ರ ನವೆಂಬರಿನಲ್ಲಿ ಸ್ಪೆಕ್ಟ್ರಮಿನ ಹೊಸ ಪ್ರತಿಕೃತಿಯೊಂದು ಮಾರುಕಟ್ಟೆಗೆ ಬಂತು.

ಇನ್ನು ನನ್ನ ತಪ್ಪಿನ ಕಥೆ. ಹೋದ ಬೇಸಿಗೆಯಲ್ಲಿ ಹಳೆಯ ಟ್ರಂಕನ್ನು ತೆಗೆದಾಗ ಒಂದು ಕ್ಯಾಸೆಟ್ಟು ಸಿಕ್ಕಿತು. ಮೇಲೆ ನನ್ನದೇ ಅಕ್ಷರದಲ್ಲಿ ‘ಕಸೂತಿ ೧, ೨’ ಎಂದು ಬರೆದಿತ್ತು. ಗಣಕವಿದ್ಯೆ ಬಲ್ಲ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅದರ ದನಿಯನ್ನು ತನ್ನ ಯಂತ್ರಕ್ಕೆ ಇಳಿಸಿಕೊಂಡು, ಹಳೆಯ ಸ್ಪೆಕ್ಟ್ರಮಿನಂತೆ ನಡೆದುಕೊಳ್ಳುವ ಪ್ರೋಗ್ರಾಮಿಗೆ ಉಣಿಸಿದ. ಮೊದಲನೆಯದು ನಡುವೆಯೇ ತಪ್ಪಿತು; ಟೇಪು ಸವೆದಿತ್ತು. ಎರಡನೆಯದು ಕೊನೆಯವರೆಗೂ ಬಂತು. ಮೂವತ್ತೈದು ವರ್ಷಗಳಿಗೂ ಮಿಕ್ಕಿದ ಮೇಲೆ ಆಯಿಯ ತೇರು ಮತ್ತೆ ಪರದೆಯ ಮೇಲೆ ನಿಂತಿತು. ಕಳಸದಲ್ಲಿ ಎಳೆ ಸರಿಯಾಗಿತ್ತು.

ನಾವು ಹಿಗ್ಗುತ್ತಿರುವಾಗ ಟೇಪು ಓಡುತ್ತಲೇ ಇತ್ತು. ಕಿರಿಚಾಟ ನಿಂತಿತು. ಕ್ಷಣಕಾಲ ಮೌನ. ಅನಂತರ ಹೆಣ್ಣು ದನಿಯೊಂದು ಬೀಸುವ ಹಾಡಿನ ಕೊನೆಯ ನುಡಿಯನ್ನು ಹಾಡಿತು. ಅದು ಆಯಿಯ ದನಿ. ಅರ್ಧ ನಿಮಿಷದ ಮೇಲೆ ಟೇಪು ಮುಗಿಯಿತು.

ಆಗ ನನಗೆ ನೆನಪಾಯಿತು. ಮನೆಯಲ್ಲಿ ನಡೆದ ಮದುವೆಯೊಂದರಲ್ಲಿ ಯಾರೋ ಆಯಿಯಿಂದ ಹಾಡಿಸಿ ಆ ಕ್ಯಾಸೆಟ್ಟು ತುಂಬಿದ್ದರು. ದೀಪಾವಳಿಯ ರಜೆಯಲ್ಲಿ ನಮ್ಮ ತೇರನ್ನು ಉಳಿಸಲು ಖಾಲಿ ಕ್ಯಾಸೆಟ್ಟು ಸಿಗಲಿಲ್ಲ. “ಆಯಿ ಹೆಂಗೂ ಮನ್ಯಾಗ ಇರತಾರ, ಇನ್ನೊಮ್ಮೆ ಹಾಡಿಸಿದರಾತು” ಎಂದು ನಾನೇ ಅದನ್ನು ಹಾಕಿ ಗುಂಡಿ ಒತ್ತಿದೆ. ಇನ್ನೊಮ್ಮೆ ಹಾಡಿಸಲಿಲ್ಲ. ೧೯೯೪ರಲ್ಲಿ ಆಯಿ ತೀರಿಕೊಂಡರು. ಅವರ ಕೈಯ ಲೆಕ್ಕವನ್ನು ಉಳಿಸಿಕೊಂಡೆ; ಅವರ ಕಂಠವನ್ನು ಅಳಿಸಿದೆ. ಇದರಲ್ಲಿ ಯಂತ್ರದ ದೋಷವೇನೂ ಇಲ್ಲ. ಅದು ಹಾಡನ್ನೂ ಬಲ್ಲದು, ತೇರನ್ನೂ ಬಲ್ಲದು. ಯಾವುದು ಮತ್ತೆ ದೊರೆಯದೆಂಬುದನ್ನು ಬಲ್ಲದಾಗಲಿಲ್ಲ. ಅದನ್ನು ನಾನು ಬಲ್ಲವನಾಗಬೇಕಿತ್ತು.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಟ್ರಂಕಿನಲ್ಲಿ, ಅಟ್ಟದಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಎಸೆಯಬೇಡಿರಿ. ಕ್ಯಾಸೆಟ್ಟಿನ ಬೆನ್ನಿನ ಎರಡು ತುದಿಗಳಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಬಿಲ್ಲೆಗಳನ್ನು ಮೊದಲು ಮುರಿಯಿರಿ. ಆಗ ಕೈತಪ್ಪಿ ಗುಂಡಿ ಒತ್ತಿದರೂ ಅದರ ಮೇಲೆ ಬೇರೆ ದನಿ ಕೂಡಲಾರದು. ಬಳಿಕ ಬಲ್ಲವರಿಂದ ಅದರ ಪ್ರತಿಯನ್ನು ಮಾಡಿಸಿರಿ. ಅದರಲ್ಲಿ ಬರಿಯ ಕಿರಿಚಾಟ ಕೇಳಿಬಂದರೆ ಕೆಟ್ಟಿದೆಯೆಂದು ತಿಳಿಯಬೇಡಿರಿ. ಒಂದು ಕಾಲದ ಹುಡುಗರು ಕಟ್ಟಿದ ಆಟವೋ ಚಿತ್ರವೋ ಅದರಲ್ಲಿ ಇರಬಹುದು. ಕಿರಿಚಾಟ ಮುಗಿದೊಡನೆ ನಿಲ್ಲಿಸಲೂ ಬೇಡಿರಿ. ಟೇಪು ಪೂರ್ತಿ ಮುಗಿಯುವವರೆಗೆ ಕೇಳಿರಿ.

ಆಯಿಯ ಆ ಅರ್ಧ ನಿಮಿಷದ ನುಡಿಯನ್ನು ನಾನು ಈಗ ಮೂರು ಕಡೆ ಪ್ರತಿ ಮಾಡಿಸಿ ಇಟ್ಟಿದ್ದೇನೆ. ತೇರನ್ನು ನನ್ನ ಮಗಳು ನೋಡಿ, ಚೌಕದ ಹಾಳೆಯ ಮೇಲೆ ಇಳಿಸಿಕೊಂಡು, ಬಟ್ಟೆಯ ಮೇಲೆ ಎಳೆ ಎಣಿಸಿ ಹಾಕುತ್ತಿದ್ದಾಳೆ.